ಕಾರ್ಬ್ಯುರೇಟರ್ ಹೊಂದಾಣಿಕೆ: ಮನೆಯಲ್ಲೇ ಆಗಲಿ, ಮನೆಯೊಳಗೆ ಬೇಡ

ವಸಂತ ಕಾಲಿಟ್ಟೊಡನೆ ವಾಷಿಂಗ್ಟನ್, ಅಟ್ಲಾಂಟಾ ಮತ್ತು ಕೆರೊಲಿನಾಗಳ ಕೆಲವು ಕನ್ನಡ ಮನೆಗಳಲ್ಲಿ ಹಳೆಯ ಮೋಟರ್‌ಸೈಕಲ್ಲುಗಳ ಹೊದಿಕೆ ಸರಿಯುತ್ತದೆ. ವರ್ಜೀನಿಯಾದಿಂದ ಉತ್ತರ ಕೆರೊಲಿನಾದವರೆಗೆ 469 ಮೈಲಿ ಸಾಗುವ ಬ್ಲೂ ರಿಡ್ಜ್ ಪಾರ್ಕ್‌ವೇ ಸವಾರರನ್ನು ಕೈಬೀಸಿ ಕರೆಯುತ್ತದೆ. ಚಳಿಗಾಲವಿಡೀ ನಿಂತ ಗಾಡಿ ಮಾತ್ರ ಮೊಂಡು ಹಿಡಿಯುತ್ತದೆ. ತಿಂಗಳುಗಟ್ಟಲೆ ಕದಲದೆ ಉಳಿದ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಸೂಕ್ಷ್ಮ ಜೆಟ್ಟುಗಳನ್ನು ಮುಚ್ಚಿರುತ್ತದೆ. ಆಗ ಅದನ್ನು ಬಿಚ್ಚಿ ಶುಚಿಗೊಳಿಸುವುದು, ಶ್ರುತಿಗೊಳಿಸುವುದು ಅನಿವಾರ್ಯ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳ ಸದ್ದಿನಲ್ಲಿ ಬೆಳೆದ ನಮ್ಮ ತಲೆಮಾರಿಗೆ ಈ ಕೆಲಸ ಅಪರಿಚಿತವಲ್ಲ. ಅಲ್ಲಿ ಹೆಚ್ಚಾಗಿ ಒಂದು ಸಿಲಿಂಡರು, ಒಂದು ಕಾರ್ಬ್ಯುರೇಟರು; ಒಂದು ಸ್ಕ್ರೂಡ್ರೈವರ್ ಮತ್ತು ಪಳಗಿದ ಕಿವಿ ಇದ್ದರೆ ಸಾಕಿತ್ತು. ಈ ನಾಡಿನ ಹಳೆಯ ಗಾಡಿಗಳ ಕಥೆ ಬೇರೆ. 1969ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಸಿಬಿ750ಗೆ ನಾಲ್ಕು ಸಿಲಿಂಡರುಗಳು, ನಾಲ್ಕು ಕಾರ್ಬ್ಯುರೇಟರುಗಳು. ನಾಲ್ಕೂ ಸಮನಾಗಿ ಉಸಿರೆಳೆಯಬೇಕು. ಒಂದು ಹೆಚ್ಚು, ಮತ್ತೊಂದು ಕಡಿಮೆ ಎಳೆದರೆ ಗಾಡಿ ನಡುಗುತ್ತದೆ, ನಿಂತಲ್ಲಿ ಎಂಜಿನ್ ತಡವರಿಸುತ್ತದೆ.

ಈ ಕೆಲಸವನ್ನು ಮನೆಯಲ್ಲೇ, ಅದರಲ್ಲೂ ಮಕ್ಕಳನ್ನು ಜೊತೆಗಿಟ್ಟುಕೊಂಡು ಮಾಡಬೇಕೆಂಬುದು ನನ್ನ ಅಭಿಮತ. ಅದರ ಕ್ರಮವೇ ಒಂದು ಪಾಠ. ಮೊದಲು ವಾಲ್ವುಗಳ ಅಂತರ, ಇಗ್ನಿಷನ್, ಏರ್ ಫಿಲ್ಟರ್, ರಬ್ಬರ್ ಜೋಡಣೆಗಳಲ್ಲಿನ ಸೋರಿಕೆ ಇವನ್ನು ಪರೀಕ್ಷಿಸಬೇಕು. ಎಂಜಿನ್ ಬಿಸಿಯಾದ ಬಳಿಕ ಪ್ರತಿಯೊಂದು ಸಿಲಿಂಡರಿನ ಗಾಳಿದಾರಿಗೂ ವ್ಯಾಕ್ಯೂಮ್ ಗೇಜಿನ ಕೊಳವೆ ಜೋಡಿಸಿ, ಹೊಂದಾಣಿಕೆಯ ತಿರುಪುಗಳನ್ನು ಕೊಂಚಕೊಂಚವೇ ತಿರುಗಿಸಿ ಮುಳ್ಳುಗಳನ್ನು ಸಮಕ್ಕೆ ತರಬೇಕು. ಕೊನೆಯಲ್ಲಿ ನಿಂತಲ್ಲಿನ ವೇಗವನ್ನು ಸರಿಪಡಿಸಬೇಕು. ಕ್ರಮ ತಪ್ಪಿ ನೇರವಾಗಿ ತಿರುಪಿಗೆ ಕೈಹಾಕುವುದು, ಜ್ವರದ ಕಾರಣ ಹುಡುಕದೆ ಮಾತ್ರೆ ನುಂಗಿಸಿದಂತೆ. ಭಾರತದಲ್ಲಿ 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಗಾಡಿಗಳಿಂದ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮರೆಯಾಗಿದೆ. ಇನ್ನು ಈ ವಿದ್ಯೆ ಉಳಿಯುವುದಿದ್ದರೆ ಆಸಕ್ತರ ಮನೆಗಳಲ್ಲೇ ಉಳಿಯಬೇಕು.

ಆದರೆ ಎಲ್ಲಿ ಮಾಡುತ್ತೇವೆ ಎಂಬುದರಲ್ಲಿ ರಾಜಿ ಸಲ್ಲದು. ಊರಿನ ಮೆಕ್ಯಾನಿಕ್ ರಸ್ತೆಬದಿಯ ಬಯಲಲ್ಲಿ ಕೂರುತ್ತಿದ್ದ. ನಮ್ಮ ಗ್ಯಾರೇಜಾದರೋ ಮನೆಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಮಲಗುವ ಕೋಣೆಯೂ ಇರಬಹುದು. ಹೊಂದಾಣಿಕೆಯ ವೇಳೆ ಎಂಜಿನ್ ಬಹಳ ಹೊತ್ತು ನಿಂತಲ್ಲೇ ಓಡುತ್ತಿರಬೇಕು. ಇಂಧನದ ಪಾಲು ಹೆಚ್ಚಾದಾಗ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಅದನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಈ ಹಳೆಯ ಗಾಡಿಗಳಲ್ಲಿಲ್ಲ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಬೆಂಕಿ ಅನಾಹುತಗಳನ್ನು ಬಿಟ್ಟು, ಆಕಸ್ಮಿಕವಾಗಿ ಈ ಅನಿಲಕ್ಕೆ ಬಲಿಯಾಗುವವರು ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಎಂದು ಸಿಡಿಸಿ ಹೇಳುತ್ತದೆ.

ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ ಇವು ಮೊದಲ ಲಕ್ಷಣಗಳು. ನೆಗಡಿ ಜ್ವರವೆಂದೋ ಊಟ ಹಿಡಿಸಲಿಲ್ಲವೆಂದೋ ಕಡೆಗಣಿಸುವುದು ಸುಲಭ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಇಲ್ಲಿ ನೆರವಿಗೆ ಬಾರದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಈ ವಿಷ ಹೊತ್ತದ್ದಕ್ಕೂ ಇರುವ ಭೇದವನ್ನು ಸಾಧಾರಣ ಉಪಕರಣ ಅರಿಯದು. ರೋಗಿ ಕುಸಿಯುತ್ತಿರುವಾಗಲೂ 98 ಎಂದು ತೋರಿಸಬಹುದು. ಹೃದ್ರೋಗವುಳ್ಳ ಹಿರಿಯರು, ಗರ್ಭಿಣಿಯರು, ಮಕ್ಕಳು ಹೆಚ್ಚಿನ ಅಪಾಯದಲ್ಲಿರುತ್ತಾರೆ. ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದ ಅಪ್ಪ ಅಮ್ಮ ಗ್ಯಾರೇಜಿನ ಮೇಲಿನ ಕೋಣೆಯಲ್ಲೇ ಮಧ್ಯಾಹ್ನದ ನಿದ್ದೆಯಲ್ಲಿರಬಹುದು.

"ಬಾಗಿಲು ತೆರೆದಿದೆ, ಫ್ಯಾನೂ ಇದೆಯಲ್ಲ?" ಎಂದು ಕೇಳುವವರುಂಟು. ಆ ಫ್ಯಾನು ಎಂಜಿನ್ನನ್ನು ತಂಪಾಗಿಡಲು ಬೇಕು. ಮನೆಯವರನ್ನು ಕಾಯಲು ಅದು ಸಾಲದು. ಗಾಳಿ ಒಳಮುಖವಾಗಿ ಬೀಸಿದರೆ ಹೊಗೆಯೂ ಒಳಗೇ ನುಗ್ಗುತ್ತದೆ. ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಬಾಗಿಲು ತೆರೆದಿದ್ದರೂ ವಾಹನವನ್ನು ಚಾಲೂ ಇಡಬಾರದೆಂಬುದೇ ಸಿಡಿಸಿಯ ಸ್ಪಷ್ಟ ಸೂಚನೆ. ಆದ್ದರಿಂದ ಗಾಡಿಯನ್ನು ಡ್ರೈವ್‌ವೇಗೆ ತಳ್ಳಿ, ಕಿಟಕಿ ಬಾಗಿಲುಗಳಿಂದ ದೂರ ನಿಲ್ಲಿಸಿ, ಗ್ಯಾರೇಜಿನ ಬಾಗಿಲು ಮುಚ್ಚಿ, ಅನಂತರವೇ ಚಾಲೂ ಮಾಡಬೇಕು. ಮಳೆಯೋ ಚಳಿಯೋ ಇದ್ದರೆ ಕೆಲಸ ಮುಂದಿನ ವಾರಕ್ಕೆ ಹೋಗಲಿ.

ಇನ್ನೊಂದು ಮಾತು. ಹಳೆಯ ಹೊಂದಾಣಿಕೆ ಮಾಪಕಗಳಲ್ಲಿ, ನಮ್ಮ ಹಳೆಯ ರಕ್ತದೊತ್ತಡದ ಯಂತ್ರದಲ್ಲಿದ್ದಂತೆ, ಪಾದರಸವಿರುತ್ತದೆ. ಅಗ್ಗವೆಂದು ಅವನ್ನು ಕೊಳ್ಳಬೇಡಿ. ಒಡೆದು ಚೆಲ್ಲಿದರೆ ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಮುಟ್ಟಲೇಬಾರದು. ಅವು ಪಾದರಸವನ್ನು ಮತ್ತಷ್ಟು ಹರಡುತ್ತವೆ. ಮುಳ್ಳಿನ ಗೇಜುಗಳು ಈ ಕೆಲಸಕ್ಕೆ ಧಾರಾಳ ಸಾಕು.

ಗೇಜು ಕೊಳ್ಳುವ ಮುನ್ನ, ಬ್ಯಾಟರಿಯಿಂದಲೂ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಕೋಣೆಗಳ ಬಳಿ ಇದೆಯೇ ಎಂದು ನೋಡಿಕೊಳ್ಳಿ. ಅದು ಕೂಗಿದರೆ ಕಾರಣ ಹುಡುಕುತ್ತ ನಿಲ್ಲದೆ, ಎಲ್ಲರನ್ನೂ ಹೊರಗೆ ಕರೆತಂದು 911ಕ್ಕೆ ಕರೆ ಮಾಡಿ. ಸಂಘದ ಮುಂದಿನ ವನಭೋಜನದಲ್ಲಿ, ಬಯಲಿನಲ್ಲೇ, ಅನುಭವಿ ಸವಾರರೊಬ್ಬರು ಈ ಕೆಲಸದ ಪ್ರಾತ್ಯಕ್ಷಿಕೆ ನೀಡುವುದಾದರೆ ಅಲಾರಂ ಮತ್ತು ಪ್ರಥಮ ಚಿಕಿತ್ಸೆಯ ಭಾಗವನ್ನು ವಿವರಿಸಲು ನಾನು ಸಿದ್ಧ.