ಘೋಷಣೆ ಸಾಕು, ಗೊತ್ತುವಳಿ ಬೇಕು

ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸ ನಡೆದದ್ದು 2013ರ ನವೆಂಬರ್‌ನಲ್ಲಿ. 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ದೊರೆತದ್ದು 2025ರಲ್ಲಿ. ಈ ನಡುವೆ, 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ರೋಗಿಗಳು ಪಟ್ಟ ಪಾಡನ್ನು, ಹೋದ ಜೀವಗಳನ್ನು ಗಡಿನಾಡು ಮರೆತಿಲ್ಲ. ಕಟ್ಟಡಕ್ಕಾಗಿ, ಹಾಸಿಗೆಗಾಗಿ, ವೈದ್ಯರ ಹುದ್ದೆಗಾಗಿ ಹೋರಾಟಗಳಾಗಿವೆ. ಆದರೆ ಕಾಲೇಜು ಎಂದ ಮೇಲೆ ವಿದ್ಯಾರ್ಥಿಗಳು ಬರುತ್ತಾರೆ, ಅವರ ಹಿಂದೆಯೇ ವಿದ್ಯಾರ್ಥಿ ಸಂಘವೂ ಬರುತ್ತದೆ. ಆ ಸಂಘದಿಂದ ಏನಾಗಬಹುದು ಎಂಬ ಬಗ್ಗೆ ಮಾತ್ರ ಚರ್ಚೆಯೇ ಇಲ್ಲ.

ಮನೆಗಳಲ್ಲಿ ಕೇಳಿಬರುವ ಮಾತೇ ಬೇರೆ. "ಕಲಿಲಿಕ್ಕೆ ಹೋದ್ದಲ್ವಾ, ಕಲಿತರೆ ಸಾಕು. ಸಂಘ-ಗಿಂಘ ಎಲ್ಲ ಎಂತಕ್ಕೆ?" ಹೆತ್ತವರನ್ನು ದೂರುವ ಹಾಗೂ ಇಲ್ಲ. ಸಾಲ ಮಾಡಿ ಮೆಡಿಕಲ್ ಸೇರಿಸಿರುತ್ತಾರೆ. ಸಂಘ ಎಂದರೆ ಅವರ ಕಣ್ಣಿಗೆ ಕಾಣುವುದು ಬಾವುಟ, ಮುಷ್ಕರ, ಕೊನೆಗೊಂದು ಪೊಲೀಸ್ ಕೇಸು. ಆದರೆ ಸಂಘಕ್ಕೆ ಇನ್ನೊಂದು ಮುಖವಿದೆ. ಅದನ್ನು ನೋಡಬೇಕಾದರೆ ಒಂದಿಷ್ಟು ದೂರ, ಅಮೆರಿಕದವರೆಗೆ ಕಣ್ಣು ಹಾಯಿಸಬೇಕು.

ಅಲ್ಲಿನ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1847ರಲ್ಲಿ ಹುಟ್ಟಿದ ವೈದ್ಯರ ಸಂಘ. ಅದರೊಳಗೆ ವೈದ್ಯ ವಿದ್ಯಾರ್ಥಿಗಳದ್ದೇ ಒಂದು ವಿಭಾಗವಿದೆ. ಅದರ ನೀತಿ ರೂಪುಗೊಳ್ಳುವುದು ಅಧ್ಯಕ್ಷರ ಭಾಷಣದಿಂದಲ್ಲ. ಮೊದಲ ವರ್ಷದ ವಿದ್ಯಾರ್ಥಿಯೂ ಸದಸ್ಯನಾಗಿದ್ದರೆ ಒಂದು ಗೊತ್ತುವಳಿ ಬರೆದು ಕೊಡಬಹುದು. ಮೇಲ್ಭಾಗದಲ್ಲಿ ಕಾರಣಗಳು: ಸಮಸ್ಯೆ ಇಂಥದ್ದು, ಆಧಾರ ಇಂಥದ್ದು. ಕೆಳಭಾಗದಲ್ಲಿ ಬೇಡಿಕೆ: ಆದ್ದರಿಂದ ಸಂಘ ಇಂಥ ನಿಲುವು ತಾಳಬೇಕು. ಅದನ್ನು ಒಂದು ಸಮಿತಿ ಪರಿಶೀಲಿಸುತ್ತದೆ. ಪರವಾಗಿಯೂ ವಿರುದ್ಧವಾಗಿಯೂ ಮಾತಾಡಲು ಸದಸ್ಯರಿಗೆ ಅವಕಾಶ ಸಿಗುತ್ತದೆ. ಒಪ್ಪಿ, ತಿದ್ದಿ, ಇಲ್ಲವೇ ಬಿಟ್ಟುಬಿಡಿ ಎಂದು ಸಮಿತಿ ಶಿಫಾರಸು ಮಾಡುತ್ತದೆ. ಕೊನೆಗೆ ಕಾಲೇಜುಗಳ ಪ್ರತಿನಿಧಿಗಳು ಮತ ಹಾಕುತ್ತಾರೆ. ಗೆದ್ದರೆ ಅದು ವಿದ್ಯಾರ್ಥಿ ವಿಭಾಗದ ನೀತಿ. ಅಲ್ಲಿಂದ ಹಿರಿಯ ವೈದ್ಯರ ಮಹಾಸಭೆಗೂ ಅದನ್ನು ಒಯ್ಯಬಹುದು.

ಒಯ್ದದ್ದೂ ಉಂಟು. ಎಲ್ಲರಿಗೂ ಸರ್ಕಾರವೇ ಆರೋಗ್ಯ ವಿಮೆ ಕೊಡುವ ವ್ಯವಸ್ಥೆಗೆ ಆ ಸಂಘ ದಶಕಗಳಿಂದ ವಿರೋಧಿ. ವಿರೋಧ ಕೈಬಿಡಬೇಕೆಂದು 2019ರ ಜೂನ್ ಸಭೆಯಲ್ಲಿ ವಿದ್ಯಾರ್ಥಿಗಳು ಪಟ್ಟು ಹಿಡಿದರು. ಸೋತರು. ಆದರೆ ಹೇಗೆ ಸೋತರು? ಶೇಕಡಾ 53ರ ಎದುರು ಶೇಕಡಾ 47. ಹಿರಿಯ ವೈದ್ಯರೇ ತುಂಬಿದ ಸಭೆಯಲ್ಲಿ ವಿದ್ಯಾರ್ಥಿಗಳ ಮಾತು ಅರ್ಧದ ಹತ್ತಿರ ಬಂದು ನಿಂತಿತು. ಅದೇ ಆಗಸ್ಟ್‌ನಲ್ಲಿ, ಅಂಥ ವಿಮೆಯನ್ನು ವಿರೋಧಿಸಲೆಂದೇ ಆಸ್ಪತ್ರೆಗಳೂ ವಿಮಾ ಕಂಪನಿಗಳೂ ಔಷಧ ಕಂಪನಿಗಳೂ ಕಟ್ಟಿಕೊಂಡಿದ್ದ ಒಕ್ಕೂಟದಿಂದ ವೈದ್ಯರ ಸಂಘ ಹೊರಬಂತು.

ಇನ್ನೊಂದು ಸಂಘದ ಕಥೆ ಇನ್ನೂ ಹತ್ತಿರದ್ದು. ಅಮೆರಿಕನ್ ಮೆಡಿಕಲ್ ಸ್ಟೂಡೆಂಟ್ ಅಸೋಸಿಯೇಷನ್ 1950ರಲ್ಲಿ ವೈದ್ಯರ ಸಂಘದ ಆಶ್ರಯದಲ್ಲೇ ಶುರುವಾಗಿ 1967ರಲ್ಲಿ ಸ್ವತಂತ್ರವಾಯಿತು. 1984ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಝಿಯಾನ್ ಎಂಬ 18ರ ಯುವತಿ ತೀರಿಕೊಂಡ ಮೇಲೆ, ನಿದ್ದೆಗೆಟ್ಟ ಕಿರಿಯ ವೈದ್ಯರು ರೋಗಿಗೆ ಅಪಾಯವಲ್ಲವೇ ಎಂಬ ಪ್ರಶ್ನೆ ದೇಶದ ಮುಂದೆ ಬಂತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು. ದೇಶಕ್ಕೆಲ್ಲ ಮಿತಿ ಬೇಕೆಂದು ವಿದ್ಯಾರ್ಥಿಗಳ ಸಂಘ 2001ರಲ್ಲಿ ಇತರರ ಜತೆ ಸೇರಿ ಕೇಂದ್ರ ಸರ್ಕಾರದ ಕಾರ್ಮಿಕ ಸುರಕ್ಷತಾ ಇಲಾಖೆಗೆ ಅರ್ಜಿ ಕೊಟ್ಟಿತು. 2002ರಲ್ಲಿ ಇಲಾಖೆ ಅರ್ಜಿ ತಿರಸ್ಕರಿಸಿತು. ಆದರೆ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. 2003ರ ಜುಲೈಯಿಂದ ವೈದ್ಯ ತರಬೇತಿಗೆ ಮಾನ್ಯತೆ ಕೊಡುವ ಮಂಡಳಿಯೇ 80 ಗಂಟೆಯ ಮಿತಿಯನ್ನು ದೇಶಕ್ಕೆಲ್ಲ ಜಾರಿ ಮಾಡಿತು.

ಹಾಗಂತ ಅಲ್ಲಿ ಎಲ್ಲವೂ ಸರಿಯಾಗಿದೆ ಎಂದಲ್ಲ. ವಾರಕ್ಕೆ 80 ಗಂಟೆ ಅಂದರೂ ಕಮ್ಮಿಯೇನಲ್ಲ. ಗೊತ್ತುವಳಿ ಎಂಬುದು ಮಂತ್ರವೂ ಅಲ್ಲ, ಕಪಾಟಿನಲ್ಲಿ ಧೂಳು ತಿನ್ನುವ ಗೊತ್ತುವಳಿಗಳು ಎಲ್ಲ ದೇಶಗಳಲ್ಲೂ ಇವೆ. ಆದರೂ ಒಂದು ವ್ಯತ್ಯಾಸವಿದೆ. ಎಂಬಿಬಿಎಸ್ ಬ್ಯಾಚು ಐದೂವರೆ ವರ್ಷಕ್ಕೆ ಹೊರಟುಹೋಗುತ್ತದೆ. ಕೂಗಿದ ಘೋಷಣೆ ಆ ಬ್ಯಾಚಿನೊಂದಿಗೇ ಹೋಗುತ್ತದೆ. ಬರೆದು, ಮತಕ್ಕೆ ಹಾಕಿ, ದಾಖಲೆಯಲ್ಲಿ ಉಳಿಸಿದ್ದು ಮುಂದಿನ ಬ್ಯಾಚಿನ ಕೈಗೆ ಸಿಗುತ್ತದೆ.

ಭಾರತದಲ್ಲಿ ಇದರ ಅಗತ್ಯ ಕಮ್ಮಿಯೇ? ಕಿರಿಯ ವೈದ್ಯರಿಗೆ ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆಗಿಂತ ಹೆಚ್ಚು ಡ್ಯೂಟಿ ಹಾಕಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. 24, 36 ಗಂಟೆ ಡ್ಯೂಟಿಯ ದೂರು ನಿಂತಿಲ್ಲ. ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಇರಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿತು. ತಮ್ಮ ಕಾಲೇಜಿನಲ್ಲಿ ನಿಜವಾಗಿ ಎಷ್ಟು ಗಂಟೆ ಡ್ಯೂಟಿ ನಡೆಯುತ್ತಿದೆ ಎಂದು ಲೆಕ್ಕ ಇಟ್ಟು ಮುಂದಿಡಬಲ್ಲವರು ಅಲ್ಲಿನ ವಿದ್ಯಾರ್ಥಿಗಳೇ ತಾನೇ?

ಗಡಿನಾಡಿಗೆ ಇದಕ್ಕಿಂತಲೂ ದೊಡ್ಡ ವಿಷಯ ಇನ್ನೊಂದಿದೆ: ಭಾಷೆ. ಎಣ್ಮಕಜೆಯ ಅಜ್ಜಿಯೊಬ್ಬರು "ಎದೆ ಉರಿ" ಅಂದದ್ದು ಕನ್ನಡ ಗೊತ್ತಿಲ್ಲದ ವೈದ್ಯರಿಗೆ "ಎದೆ ನೋವು" ಎಂದು ಅರ್ಥವಾದರೆ ಚಿಕಿತ್ಸೆಯ ದಾರಿಯೇ ಬದಲು. ಓದಲು ಬಾರದ ಭಾಷೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಅಜ್ಜನಿಗೆ ತಾನು ಯಾವುದಕ್ಕೆ ಒಪ್ಪಿದೆ ಎಂಬುದೇ ಗೊತ್ತಿರುವುದಿಲ್ಲ. ತಾಳವಾಡಿಯಲ್ಲಿ, ಅಕ್ಕಲಕೋಟೆಯಲ್ಲಿ, ಆದೋನಿಯಲ್ಲಿ ಆಸ್ಪತ್ರೆಯ ಭಾಷೆ ಬೇರೆ ಇರಬಹುದು, ಕನ್ನಡ ರೋಗಿಯ ಕಷ್ಟ ಒಂದೇ.

ಇದನ್ನು ಹೊರಗಿನ ಸಂಘಟನೆ ಹೇಳಿದರೆ "ಭಾಷಾ ರಾಜಕೀಯ" ಎಂದು ತಳ್ಳಿಹಾಕುವವರಿದ್ದಾರೆ. ವೈದ್ಯ ವಿದ್ಯಾರ್ಥಿಗಳೇ ಹೇಳಿದರೆ ಅದು ರೋಗಿಯ ಸುರಕ್ಷತೆಯ ಪ್ರಶ್ನೆಯಾಗುತ್ತದೆ. ಹೊರರೋಗಿ ವಿಭಾಗದಲ್ಲಿ ಒಂದು ತಿಂಗಳು ಕೂತು, ಕನ್ನಡ, ತುಳು ಮಾತ್ರ ಬಲ್ಲವರು ಎಷ್ಟು ಮಂದಿ ಬಂದರು ಎಂದು ಬರೆದಿಟ್ಟರೆ ಗೊತ್ತುವಳಿಯ ಮೇಲ್ಭಾಗ ಸಿದ್ಧ. ಕನ್ನಡದಲ್ಲೂ ಒಪ್ಪಿಗೆ ಪತ್ರ, ಔಷಧ ತಗೊಳ್ಳುವ ಕ್ರಮದ ಚೀಟಿ, ಭಾಷೆ ಬಲ್ಲ ಒಬ್ಬ ಸಹಾಯಕ, ಹೊರಜಿಲ್ಲೆಗಳಿಂದ ಬರುವ ವಿದ್ಯಾರ್ಥಿಗಳಿಗೆ ನೂರಿನ್ನೂರು ಕನ್ನಡ ಮಾತಿನ ಪರಿಚಯ — ಇಷ್ಟು ಬರೆದರೆ ಕೆಳಭಾಗವೂ ಸಿದ್ಧ. ಸಂವಿಧಾನದ 350ನೇ ವಿಧಿಯ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಅಧಿಕಾರಿಗೆ ಅಹವಾಲು ಕೊಡಬಹುದು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇಡಲಾಗಿತ್ತು. ಕಚೇರಿಯಲ್ಲಿ ಸಲ್ಲುವ ಭಾಷೆ ರೋಗಿಯ ಹಾಸಿಗೆಯ ಬಳಿ ಸಲ್ಲಬಾರದೇಕೆ?

ಒಬ್ಬ ವಿದ್ಯಾರ್ಥಿಯಿಂದ ಇದು ಆಗದು. ಮಲಯಾಳಿ ಸಹಪಾಠಿಗಳ ಮತವೂ ಬೇಕು. ಅಜ್ಜಿಯ ಕಷ್ಟ ಅವರಿಗೆ ಅರ್ಥವಾಗುವಂತೆ ಹೇಳಬೇಕು, ಅವರ ಆಕ್ಷೇಪ ಕೇಳಬೇಕು, ಬೇಕಾದಲ್ಲಿ ತಿದ್ದಬೇಕು. ಅದು ಜಗಳವಲ್ಲ, ಕಲಿಕೆಯೇ. ರೋಗಿಯ ಮಾತು ಕೇಳಲು ಕಲಿಯುವುದೂ ಹೀಗೆಯೇ ಅಲ್ಲವೇ?

ಆದ್ದರಿಂದ ಮೆಡಿಕಲ್‌ಗೆ ಹೊರಟ ಮಗನನ್ನೋ ಮಗಳನ್ನೋ ಬಸ್ಸು ಹತ್ತಿಸುವಾಗ "ಸಂಘದ ಸಹವಾಸ ಬೇಡ" ಎನ್ನುವ ಬದಲು, "ಸಂಘದಲ್ಲಿ ಎಂತ ಬರೆದಿದ್ದಾರೆ, ಓದಿ ನೋಡು. ನಮ್ಮೂರಿನ ವಿಷಯ ಅದರಲ್ಲಿ ಇಲ್ಲದಿದ್ದರೆ ನೀನೇ ಬರೆ" ಎಂದು ಹೇಳುವುದು ಲೇಸು.