ಕೂಗಿ ಹೇಳಿದರೂ ಏಳದ ಕೊಲಂಬೊ!

ಲೋಕಸಭೆ ಚುನಾವಣೆಯ ಓಡಾಟ ಮುಗೀತು, ನಾಲ್ಕು ದಿನ ಹಾಯಾಗಿದ್ದು ಬರೋಣ ಎಂದು 2019ರ ಏಪ್ರಿಲ್‌ನಲ್ಲಿ ಬೆಂಗಳೂರು, ತುಮಕೂರು ಕಡೆಯ ಜೆಡಿಎಸ್ ಕಾರ್ಯಕರ್ತರು ಕೊಲಂಬೊಗೆ ಹೋದರು. 21ರ ಭಾನುವಾರ, ಈಸ್ಟರ್ ಹಬ್ಬದ ಬೆಳಿಗ್ಗೆ, ಅವರು ಇಳಿದಿದ್ದ ಶಾಂಗ್ರಿ-ಲಾ ಹೋಟೆಲಿನಲ್ಲಿ ತಿಂಡಿಯ ಹೊತ್ತಿಗೆ ಬಾಂಬ್ ಸಿಡಿಯಿತು. ಹಲವರು ಹೆಣವಾಗಿ ಊರಿಗೆ ಬಂದರು.

ಅದೇ ಬೆಳಿಗ್ಗೆ ಮೂರು ಚರ್ಚು, ಮೂರು ದೊಡ್ಡ ಹೋಟೆಲುಗಳಲ್ಲಿ ಆತ್ಮಹತ್ಯಾ ಬಾಂಬುಗಳು ಸ್ಫೋಟಿಸಿದವು. ಸತ್ತವರು 260ಕ್ಕೂ ಹೆಚ್ಚು.

ಇದೇನು ಆಕಾಶದಿಂದ ಎರಗಿದ ಸಿಡಿಲೇ? ಖಂಡಿತ ಅಲ್ಲ.

ತಂಡದ ಮುಖಂಡ ಜಹ್ರಾನ್ ಹಾಶಿಮ್ ಪೂರ್ವ ಕರಾವಳಿಯ ಕಾತ್ತಾನ್‌ಕುಡಿಯವನು. ಮುಸ್ಲಿಮರೇ ತುಂಬಿರುವ ಪೇಟೆ ಅದು. ಅವನು ಮೊದಲು ಕಾಲು ಕೆರೆದದ್ದು ಕ್ರೈಸ್ತರ ಮೇಲಲ್ಲ, ಸ್ವಂತ ಊರಿನ ಸೂಫಿ ಮುಸ್ಲಿಮರ ಮೇಲೆ. 2017ರ ಮಾರ್ಚ್‌ನಲ್ಲಿ ಬೀದಿಯಲ್ಲೇ ಹೊಡೆದಾಟವಾಯಿತು. ಊರಿನವರು ದೂರು ಕೊಟ್ಟರು, ವಾರಂಟೂ ಹೊರಟಿತು. ಆಸಾಮಿ ತಲೆ ತಪ್ಪಿಸಿಕೊಂಡ. ಇಂಟರ್ನೆಟ್ಟಿನಲ್ಲಿ ವಿಷದ ಭಾಷಣ ಮಾತ್ರ ನಿಲ್ಲಲಿಲ್ಲ.

2018ರ ಮಾರ್ಚ್‌ನಲ್ಲಿ ಕ್ಯಾಂಡಿ ಬಳಿಯ ದಿಗನದಲ್ಲಿ ಸಿಂಹಳ ಗುಂಪುಗಳು ಮುಸ್ಲಿಮರ ಅಂಗಡಿ, ಮನೆಗಳಿಗೆ ಬೆಂಕಿ ಇಟ್ಟವು. ಒಂದು ಕಡೆಯ ಮತಾಂಧರ ಬೆಂಕಿಗೆ ಇನ್ನೊಂದು ಕಡೆಯವರೇ ಸೌದೆ ಒದಗಿಸಿದಂತಾಯಿತು. ಡಿಸೆಂಬರ್‌ನಲ್ಲಿ ಮಾವನೆಲ್ಲದಲ್ಲಿ ಬುದ್ಧನ ವಿಗ್ರಹಗಳು ಒಡೆದವು. ಮರು ತಿಂಗಳು ಪುತ್ತಳಂ ಜಿಲ್ಲೆಯ ತೆಂಗಿನ ತೋಟವೊಂದರಲ್ಲಿ ಸ್ಫೋಟಕಗಳೇ ಸಿಕ್ಕವು.

ಹಸಿದ ಹೊಟ್ಟೆ ಬಾಂಬ್ ಕಟ್ಟಿತು ಅನ್ನೋಣವೇ? ಬಾಂಬ್ ಕಟ್ಟಿಕೊಂಡವರಲ್ಲಿ ಇಬ್ಬರು ಕೊಲಂಬೊದ ಶ್ರೀಮಂತ ಮಸಾಲೆ ವ್ಯಾಪಾರಿಯ ಮಕ್ಕಳು!

ಏಪ್ರಿಲ್ 4ರಂದು ಭಾರತದ ಗುಪ್ತಚರರು ಜಹ್ರಾನ್‌ನ ಹೆಸರು ಹಿಡಿದೇ ಎಚ್ಚರಿಸಿದರು. ಚರ್ಚುಗಳ ಮೇಲೆ ಕಣ್ಣಿದೆ ಎಂದೂ ತಿಳಿಸಿದರು. ಮಾತು ಸಮುದ್ರ ದಾಟಿತು, ಕಚೇರಿಯ ಮೇಜು ದಾಟಲಿಲ್ಲ. ಅಧ್ಯಕ್ಷ ಸಿರಿಸೇನ, ಪ್ರಧಾನಿ ರನಿಲ್ ವಿಕ್ರಮಸಿಂಘೆ ಆಗ ಎಣ್ಣೆ ಸೀಗೆಕಾಯಿ. ಭದ್ರತಾ ಮಂಡಳಿ ಸಭೆಗೆ ಪ್ರಧಾನಿಯನ್ನು ಕರೆಯುವುದನ್ನೇ ಬಿಟ್ಟಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು.

2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಿರಿಸೇನರಿಗೆ ಅಲ್ಲಿನ ಲೆಕ್ಕದಲ್ಲಿ 10 ಕೋಟಿ ರೂಪಾಯಿ ಪರಿಹಾರ ಕಟ್ಟಲು ಹೇಳಿತು. ಪೊಲೀಸ್ ಮುಖ್ಯಸ್ಥರನ್ನೂ ಬಿಡಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

ಬಿಸಿ ತಟ್ಟಿದ್ದು ಯಾರಿಗೆ? ಹೆಣದ ಮುಂದೆ ಕೂತ ಕ್ರೈಸ್ತರಿಗೆ. ಪ್ರವಾಸಿಗಳಿಲ್ಲದೆ ಬಣಗುಟ್ಟಿದ ಹೋಟೆಲು, ಟ್ಯಾಕ್ಸಿಯವರಿಗೆ. 2019ರ ಮೇ ತಿಂಗಳ ಗಲಭೆಯಲ್ಲಿ ಅಂಗಡಿ ಸುಟ್ಟುಹೋದ ಮುಸ್ಲಿಂ ವ್ಯಾಪಾರಿಗಳಿಗೆ. ಪಾಪ, ಇವನನ್ನು ಹಿಡಿಯಿರಿ ಎಂದು ಮೊದಲು ಕೂಗಿದ್ದು ಅವರ ಜನವೇ.

ಗಡಿಯಾಚೆ ಸುದ್ದಿ ಕೊಟ್ಟು ತೆಗೆದುಕೊಳ್ಳುವುದು ಬೇಕು, ಸರಿ. ಆದರೆ ‘ನಮ್ಮ ಹುಡುಗರು ಕೆಡುತ್ತಿದ್ದಾರೆ ಸ್ವಾಮಿ’ ಎಂದು ಠಾಣೆಗೆ ಬಂದವನನ್ನು ಕೂರಿಸಿ ಕೇಳುವುದಕ್ಕೆ ಯಾವ ದೇಶದ ನೆರವೂ ಬೇಕಿಲ್ಲ.