‘ಕಳಚು’ ಹಳತಾಯಿತೆ?

ಅಂಗಿಯನ್ನು ‘ಕಳಚು’ ಎಂದು ಬರೆದರೆ ಅದು ಗ್ರಾಂಥಿಕವಾಗುತ್ತದೆಯಂತೆ. ‘ತೆಗೆ’ ಎಂದರೆ ಸಾಕಂತೆ! ಕಿರಿಯ ಅಧ್ಯಾಪಕ ಮಿತ್ರರೊಬ್ಬರು ಈಚೆಗೆ ನನಗೆ ಹೀಗೊಂದು ಬುದ್ಧಿಮಾತು ಹೇಳಿದರು. ಭಾಷೆ ಮಕ್ಕಳಿಗೆ ಸುಲಭವಾಗಬೇಕೆಂಬ ಅವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಅವರ ವಾದವನ್ನು ಒಪ್ಪಲಾರೆ.

ಮೊದಲು ಈ ಪದದ ಹುಟ್ಟನ್ನು ನೋಡೋಣ. ಹಳಗನ್ನಡದಲ್ಲಿ ‘ಕೞಲ್’ ಎಂದರೆ ಸಡಿಲವಾಗು, ಜಾರು ಎಂದರ್ಥ. ಅದಕ್ಕೆ ‘ಚು’ ಸೇರಿ, ಸಡಿಲಗೊಳಿಸು ಎಂಬ ಅರ್ಥದ ‘ಕೞಲ್ಚು’ ಆಯಿತು. ‘ಅಗಲ್’ ಎಂಬುದು ‘ಅಗಲ್ಚು’ ಆದಂತೆ. ‘ೞ’ ಅಕ್ಷರ ಬಳಕೆಯಿಂದ ಮರೆಯಾಗುತ್ತಿದ್ದ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಂಥ ಶಬ್ದಗಳನ್ನು ಪಟ್ಟಿಮಾಡಿಯೇ ಹೇಳಬೇಕಾಯಿತು. ಅಕ್ಷರ ಹೋಯಿತು, ಶಬ್ದ ಮಾತ್ರ ‘ಕಳಚು’ ಎಂಬ ರೂಪದಲ್ಲಿ ಉಳಿಯಿತು. ಇದರ ಒಡಹುಟ್ಟಾದ ‘ಕೞಟ್ಟು’ ಎಂಬ ಮಾತನ್ನು ತಮಿಳರು ಇಂದಿಗೂ ಅಂಗಿಗೂ ಚಪ್ಪಲಿಗೂ ದಿನನಿತ್ಯ ಬಳಸುತ್ತಾರೆ. ಅಲ್ಲಿ ಅಡುಗೆಮನೆಯ ಮಾತಾಗಿರುವುದು ಇಲ್ಲಿ ಗ್ರಾಂಥಿಕವಾದುದು ಹೇಗೆ?

ನಮ್ಮ ಹಿರಿಯರು ಸೀರೆ ಉಡುತ್ತಿದ್ದರು, ಅಂಗಿ ತೊಡುತ್ತಿದ್ದರು, ಕಂಬಳಿ ಹೊದೆಯುತ್ತಿದ್ದರು, ರುಮಾಲು ಸುತ್ತುತ್ತಿದ್ದರು, ಹೂ ಮುಡಿಯುತ್ತಿದ್ದರು, ಚಪ್ಪಲಿ ಮೆಟ್ಟುತ್ತಿದ್ದರು. ಈಗ ಎಲ್ಲವನ್ನೂ ‘ಹಾಕಿಕೊಳ್ಳುತ್ತೇವೆ’. ಹಾಗೆಯೇ ಗಂಟು ಬಿಚ್ಚುವುದು, ಓಲೆ ಕಳಚುವುದು, ಚಪ್ಪಲಿ ಬಿಡುವುದು ಎಂಬ ಭೇದವೆಲ್ಲ ‘ತೆಗೆ’ ಎಂಬ ಒಂದೇ ಮಾತಿನಲ್ಲಿ ಮುಳುಗುತ್ತಿದೆ. ಅದೂ ಸಾಲದೆ ‘ರಿಮೂವ್ ಮಾಡಿ’ ಎಂಬ ಫಲಕಗಳೂ ಬಂದಿವೆ. ಸರಳತೆ ಬೇರೆ, ಬಡತನ ಬೇರೆ.

ಇಷ್ಟಕ್ಕೂ ಈ ಪದ ಸತ್ತಿದೆಯೆ? ಹಾವು ಪೊರೆ ಕಳಚುತ್ತದೆ. ಯಕ್ಷಗಾನದ ಕಲಾವಿದ ಚೌಕಿಗೆ ಬಂದು ವೇಷ ಕಳಚುತ್ತಾನೆ. ರಾಜಕಾರಣಿಗಳ ಮುಖವಾಡವನ್ನಂತೂ ಪತ್ರಿಕೆಗಳು ದಿನವೂ ಕಳಚುತ್ತಿವೆ. ಮುಖವಾಡಕ್ಕೆ ಒಗ್ಗುವ ಮಾತು ಅಂಗಿಗೆ ಒಗ್ಗದೆ ಹೋದೀತೆ?

ಇದು ಬರಿಯ ಪಂಡಿತರ ಜಗಳವೆಂದು ಓದುಗರು ಭಾವಿಸಬಾರದು. ಉಡುಪು ಮೈಯಿಂದ ದೂರವಾದಾಗ ಅದನ್ನು ಮಾಡಿದವರು ಯಾರು, ಯಾರ ಇಚ್ಛೆಯಿಂದ ಎಂಬುದೇ ಮುಖ್ಯ. ಅಕ್ಕಮಹಾದೇವಿ ಕೌಶಿಕನನ್ನು ತೊರೆದು ಹೊರಟಾಗ ಉಡುಗೆಯನ್ನು ತಾನಾಗಿಯೇ ಕಳಚಿದಳೆಂದು ಪರಂಪರೆ ಹೇಳುತ್ತದೆ. ಕೌರವರ ಸಭೆಯಲ್ಲಿ ದುಶ್ಶಾಸನನು ದ್ರೌಪದಿಯ ಸೀರೆಯನ್ನು ಸೆಳೆದನು. ಒಂದು ಸ್ವಾತಂತ್ರ್ಯ, ಇನ್ನೊಂದು ಅತ್ಯಾಚಾರ. ಎರಡಕ್ಕೂ ‘ಬಟ್ಟೆ ತೆಗೆ’ ಎಂದು ಬರೆಯುವ ವಿದ್ಯಾರ್ಥಿಗೆ ನಾನಂತೂ ಅಂಕ ಕೊಡಲಾರೆ.

ಪುರಾಣದ ಮಾತೇಕೆ? 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಹಿಳೆಯೊಬ್ಬರನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿದ ಪ್ರಕರಣವನ್ನು ಕರ್ನಾಟಕದ ಹೈಕೋರ್ಟ್ ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡಿತು. ಅಂಥ ಕೃತ್ಯವನ್ನು ಹೇಳುವಾಗ ಸೆಳೆದರು, ಕಿತ್ತರು, ಸುಲಿದರು ಎನ್ನಬೇಕು. ಸುಲಿಯುವುದರಿಂದಲೇ ‘ಸುಲಿಗೆ’ ಬಂದಿದೆ. ಆ ಮಾತಿನಲ್ಲಿಯೇ ಅಪರಾಧದ ಗುರುತಿದೆ. ‘ತೆಗೆ’ ಎಂಬುದು ಯಾರ ಮೇಲೂ ತಪ್ಪು ಹೊರಿಸದ ನುಣುಪು ಮಾತು.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ: ‘ಕಳಚು’ ಪದವನ್ನು ಕಠಿಣಪದಗಳ ಪಟ್ಟಿಗೆ ನೂಕಬೇಡಿ. ಸಂಜೆ ಮನೆಗೆ ಬಂದ ಮಗುವಿಗೆ ‘ಸಮವಸ್ತ್ರ ಕಳಚಿಡು, ಕಂದಾ’ ಎಂದು ಹೇಳಿ ನೋಡಿ. ಅದಕ್ಕೆ ಅರ್ಥವಾಗುತ್ತದೆ. ಅರ್ಥವಾಗದೆ ಇದ್ದರೆ, ಅರ್ಥ ಹೇಳಿಕೊಡಲೆಂದೇ ಅಲ್ಲವೆ ನಾವಿರುವುದು?